ಮರೆತವರು ಯಾರು? ‘ಫರ್ಗಾಟನ್ ಎಂಪೈರ್’ ಎಂಬ ಮಾತಿನ ಅರ್ಥ ಮತ್ತು ಬಳಕೆ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಎರಡೇ ಪದಗಳ ಒಂದು ಇಂಗ್ಲಿಷ್ ಮಾತು: ‘ಫರ್ಗಾಟನ್ ಎಂಪೈರ್’. ‘ಮರೆತುಹೋದ ಸಾಮ್ರಾಜ್ಯ’ ಎಂಬ ರೂಪದಲ್ಲಿ ಅದು ಕನ್ನಡದಲ್ಲೂ ನೆಲೆಯೂರಿದೆ. ಹಂಪಿಯನ್ನು ಕುರಿತ ಪುಸ್ತಕಗಳ ಬೆನ್ನುಡಿಯಲ್ಲಿ, ಪ್ರವಾಸಿ ಕರಪತ್ರಗಳಲ್ಲಿ, ಸಾಕ್ಷ್ಯಚಿತ್ರಗಳ ನಿರೂಪಣೆಯಲ್ಲಿ, ಹೇಮಕೂಟದ ಮೇಲೆ ನಿಂತು ಊರನ್ನು ಪರಿಚಯಿಸುವ ಗೈಡುಗಳ ಬಾಯಲ್ಲಿ ಅದು ವಿಜಯನಗರಕ್ಕೆ ಸಂದ ಬಿರುದಿನಂತೆ ಕೇಳಿಬರುತ್ತದೆ. ಹೇಳುವವರ ಮನಸ್ಸಿನಲ್ಲಿ ಗೌರವವಿದೆ, ಅಭಿಮಾನವಿದೆ, ಕಳೆದುಕೊಂಡದ್ದರ ಬಗ್ಗೆ ಮರುಕವೂ ಇದೆ. ಅದನ್ನೆಲ್ಲ ಒಪ್ಪಿಕೊಂಡೇ ನಾನು ಒಂದು ವಾದವನ್ನು ನಿಮ್ಮ ಮುಂದಿಡುತ್ತೇನೆ. ಈ ಮಾತು ಹುಟ್ಟಿದ್ದು ಒಂದು ಕಾಲದ, ಒಂದು ವರ್ಗದ ಓದುಗರಿಗೆ ಇದ್ದ ಅರಿವಿನ ಕೊರತೆಯನ್ನು ಹೇಳಲು. ನಾವು ಅದನ್ನು ಒಂದು ನಾಡಿನ ನೆನಪಿನ ಸ್ಥಿತಿ ಎಂದು ಓದಿಕೊಂಡೆವು. ಹಾಗೆ ಓದಿಕೊಂಡದ್ದರಿಂದ, ಇಷ್ಟು ಶತಮಾನ ಆ ನೆನಪನ್ನು ನೀರಿನಲ್ಲಿ, ಪೂಜೆಯಲ್ಲಿ, ಹಾಡಿನಲ್ಲಿ, ಹೆಸರುಗಳಲ್ಲಿ ಹೊತ್ತು ತಂದ ಜನ ಚರಿತ್ರೆಯ ಲೆಕ್ಕದಿಂದ ಹೊರಗುಳಿದರು. ಮಾತನ್ನು ತಿದ್ದಿಕೊಳ್ಳದೆ ಆ ಲೆಕ್ಕವನ್ನು ತಿದ್ದಲಾಗದು.

ಇಂಗ್ಲಿಷಿನಲ್ಲಿ ಈ ವಿಶೇಷಣ ಮೂರು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಾಗಿದೆ. ಮೊದಲನೆಯದು, ನೆನಪಿನ ಎಳೆ ನಿಜವಾಗಿ ಕಡಿದುಹೋದದ್ದು. 1888ರಲ್ಲಿ ಎ. ಎಚ್. ಸೇಸ್ ಎಂಬ ವಿದ್ವಾಂಸರು ಹಿಟ್ಟೈಟರನ್ನು ಕುರಿತ ತಮ್ಮ ಪುಸ್ತಕದ ಉಪಶೀರ್ಷಿಕೆಯಲ್ಲೇ ಅದನ್ನು ಮರೆತ ಸಾಮ್ರಾಜ್ಯದ ಕಥೆ ಎಂದು ಕರೆದರು. ಅಲ್ಲಿ ಆ ಮಾತು ಅಕ್ಷರಶಃ ಸರಿ. ಹಿಟ್ಟೈಟರ ಭಾಷೆಯನ್ನು ಆಡುವವರು ಇರಲಿಲ್ಲ, ಅವರ ದೇವರಿಗೆ ದೀಪ ಹಚ್ಚುವವರು ಇರಲಿಲ್ಲ. 1906ರಿಂದ ಬೊಗಾಜ್‌ಕೊಯ್‌ನ ಉತ್ಖನನದಲ್ಲಿ ಮಣ್ಣಿನ ಫಲಕಗಳು ರಾಶಿರಾಶಿಯಾಗಿ ಸಿಕ್ಕ ಮೇಲೆ, 1915ರಲ್ಲಿ ಹ್ರೋಜ್ನಿ ಆ ಭಾಷೆಯ ಬೀಗ ತೆಗೆದ ಮೇಲೆ ಅವರು ತಮ್ಮ ಮಾತಿನಲ್ಲೇ ಜಗತ್ತಿಗೆ ತಿಳಿದರು. ಎರಡನೆಯ ಅರ್ಥ ಕಡೆಗಣನೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿ ಹೋರಾಡಿದ 14ನೇ ಸೇನೆಗೆ ‘ಫರ್ಗಾಟನ್ ಆರ್ಮಿ’ ಎಂಬ ಹೆಸರು ಬಂತು. ಭಾರತೀಯ ಸೈನಿಕರೇ ಹೆಚ್ಚಾಗಿದ್ದ ಆ ಸೇನೆ ಇರುವುದು ಎಲ್ಲರಿಗೂ ಗೊತ್ತಿತ್ತು. ಸಲ್ಲಬೇಕಾದ ಗಮನ ಸಲ್ಲಲಿಲ್ಲ ಎಂಬ ದೂರು ಆ ಹೆಸರಿನಲ್ಲಿದೆ. ಮೂರನೆಯದು, ಹೇಳುವವರಿಗೆ ಅದುವರೆಗೆ ಗೊತ್ತಿರಲಿಲ್ಲ ಎಂಬಷ್ಟೇ ಅರ್ಥ. ಪೆರು ದೇಶದ ಮಾಚು ಪಿಚುವಿಗೆ 1911ರಲ್ಲಿ ಹೈರಮ್ ಬಿಂಗ್‌ಹ್ಯಾಮ್ ತಲುಪಿದಾಗ ಅಲ್ಲಿನ ಹಳೆಯ ಮೆಟ್ಟಿಲು ಹೊಲಗಳಲ್ಲಿ ರೈತ ಕುಟುಂಬಗಳು ಬೇಸಾಯ ಮಾಡುತ್ತಿದ್ದವು, ಜಾಗ ತೋರಿಸಿದವರೂ ಅಲ್ಲಿಯವರೇ. ಆದರೂ ಅದು ‘ಕಳೆದುಹೋದ ನಗರ’ ಎಂದೇ ಪ್ರಸಿದ್ಧವಾಯಿತು. ಈ ಮೂರರಲ್ಲಿ ಯಾವ ಅರ್ಥ ವಿಜಯನಗರಕ್ಕೆ ಒಪ್ಪುತ್ತದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ವಿಜಯನಗರಕ್ಕೆ ಈ ಮಾತನ್ನು ಅಂಟಿಸಿದ ಪುಸ್ತಕ 1900ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬರೆದವರು ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ ರಾಬರ್ಟ್ ಸಿವೆಲ್. ದಕ್ಷಿಣ ಭಾರತದ ಪ್ರಾಚೀನ ಅವಶೇಷಗಳ ಪಟ್ಟಿಗಳನ್ನು 1880ರ ದಶಕದಲ್ಲೇ ತಯಾರಿಸಿದ್ದ ಶ್ರದ್ಧಾವಂತ ವಿದ್ವಾಂಸರು ಅವರು. ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್ ಎಂಬ ಇಬ್ಬರು ಪೋರ್ಚುಗೀಸರು 16ನೇ ಶತಮಾನದಲ್ಲಿ ಬರೆದ ವೃತ್ತಾಂತಗಳು ಪ್ಯಾರಿಸ್ಸಿನ ಗ್ರಂಥಾಲಯವೊಂದರ ಹಸ್ತಪ್ರತಿಯಲ್ಲಿ ಉಳಿದಿದ್ದವು. ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಿಂದ ಅವನ್ನು ಅಚ್ಚು ಮಾಡಿಸಿದರು. ಸಿವೆಲ್ ಅವೆರಡನ್ನೂ ಇಂಗ್ಲಿಷಿಗೆ ತಂದು, ಅವುಗಳ ಮುಂದೆ ತಾವೇ ಕಟ್ಟಿದ ವಿಜಯನಗರದ ಇತಿಹಾಸವನ್ನು ಇಟ್ಟರು. ಆ ಉಪಕಾರ ಸಣ್ಣದಲ್ಲ. ಕೃಷ್ಣದೇವರಾಯನ ಕಾಲದ ನಗರವನ್ನು ಕಣ್ಣಾರೆ ಕಂಡವನ ವಿವರಣೆ ನಮಗೆ ದಕ್ಕಿದ್ದು ಹೀಗೆ. ಆದರೆ ಮೊದಲ ಅಧ್ಯಾಯದ ಆರಂಭದಲ್ಲೇ ಅವರು ಒಂದು ದೊಡ್ಡ ಮಾತು ಆಡುತ್ತಾರೆ: ಈ ರಾಜ್ಯವಿತ್ತೆಂಬ ನೆನಪೇ ಭಾರತದಲ್ಲಿ ಈಗ ಉಳಿದಿಲ್ಲವೆನ್ನಬಹುದು, ನಗರದ ಹೆಸರು ಕೂಡ ಜನರ ಮನಸ್ಸಿನಿಂದ ಅಳಿದಿದೆ, ಉಳಿದಿರುವುದು ಹಂಪೆ ಎಂಬ ಸಣ್ಣ ಹಳ್ಳಿಯ ಹತ್ತಿರದ ಹಾಳು ಮಾತ್ರ ಎಂಬ ಅಭಿಪ್ರಾಯ ಅದು. ಶೀರ್ಷಿಕೆಯ ಮಾತಿಗೆ ಇಲ್ಲಿ ಮೊದಲನೆಯ ಅರ್ಥ, ಹಿಟ್ಟೈಟರಿಗೆ ಒಪ್ಪುವ ಅರ್ಥ ಬಂದುಬಿಟ್ಟಿತು. ನಿಜದಲ್ಲಿ ಮರೆವಿಗೆ ಸಂದಿದ್ದದ್ದು ಪ್ಯಾರಿಸ್ಸಿನ ಕಪಾಟಿನಲ್ಲಿದ್ದ ಆ ಹಸ್ತಪ್ರತಿ.

ಇಂಗ್ಲಿಷ್ ಬರಹದ ಲೋಕವನ್ನೇ ಮೊದಲು ನೋಡೋಣ. ಅಲ್ಲಾದರೂ ವಿಜಯನಗರ ಮರೆತುಹೋಗಿತ್ತೆ? 1800ರ ಹೊತ್ತಿಗೆ ಕಾಲಿನ್ ಮೆಕೆಂಜಿ ಹಂಪಿಯ ಅವಶೇಷಗಳ ನಕ್ಷೆ ಮಾಡಿಸಿದ್ದ; ಅವನೂ ಕಾವಲಿ ಸೋದರರಂಥ ಅವನ ಸಹಾಯಕರೂ ಊರೂರಿನ ಕರಣಿಕರಿಂದ ಕೈಫಿಯತ್ತುಗಳನ್ನು, ಅಂದರೆ ಆಯಾ ಊರಿನ ಇತಿಹಾಸದ ಹೇಳಿಕೆಗಳನ್ನು, ಬರೆಸಿಕೊಂಡಿದ್ದರು. 1810ರಲ್ಲಿ ಹೊರಬಂದ ಮಾರ್ಕ್ ವಿಲ್ಕ್ಸ್‌ನ ಮೈಸೂರು ಇತಿಹಾಸ ವಿಜಯನಗರವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಬಿಜಾಪುರದಲ್ಲಿ ಕುಳಿತು ಫೆರಿಸ್ತಾ ಬರೆದ ಚರಿತ್ರೆಯ ಇಂಗ್ಲಿಷ್ ಅನುವಾದ 1829ರಲ್ಲಿ ಬಂತು. ಹಂಪಿಯ ಕಟ್ಟಡಗಳ ಛಾಯಾಚಿತ್ರಗಳನ್ನು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ. ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕ್ ಮತ್ತು ನಿಕೊಲೊ ಕೊಂಟಿಯರ ವಿವರಣೆಗಳು 1857ರಲ್ಲಿ ಲಂಡನ್ನಿನಲ್ಲಿ ಒಂದೇ ಸಂಪುಟವಾಗಿ ಸಿಗುತ್ತಿದ್ದವು. ಇದಕ್ಕಿಂತ ಮುಖ್ಯವಾದ ಸಾಕ್ಷಿ ಆಡಳಿತದಲ್ಲೇ ಇದೆ. ಸಿವೆಲ್ ಸೇವೆ ಸಲ್ಲಿಸಿದ ಮದ್ರಾಸ್ ಸರ್ಕಾರದ ಬುನಾದಿ 1639ರ ಒಂದು ಸನ್ನದು. ಕೊಟ್ಟವನು ವಿಜಯನಗರದ ಅಧೀನ ನಾಯಕನಾದ ದಾಮರ್ಲ ವೆಂಕಟಾದ್ರಿ, 1645ರಲ್ಲಿ ಅದನ್ನು ಮತ್ತೆ ದೃಢಪಡಿಸಿದವನು ವಿಜಯನಗರದ ಅರಸ ಶ್ರೀರಂಗರಾಯ. ಅಂದರೆ ವಿಜಯನಗರ ಸೋತ 1565ರ ಯುದ್ಧ ಮುಗಿದು ಎಂಟು ದಶಕಗಳಾದ ಮೇಲೂ ಈಸ್ಟ್ ಇಂಡಿಯಾ ಕಂಪನಿಗೆ ಆ ರಾಯನ ಮುದ್ರೆ ಬೇಕಾಗಿತ್ತು. ವಿಜಯನಗರದ ವರಾಹದ ಪರಂಪರೆಯ ನಾಣ್ಯವನ್ನೇ ಕಂಪನಿ ‘ಪಗೋಡ’ ಎಂದು ಕರೆದು 19ನೇ ಶತಮಾನದ ಆರಂಭದವರೆಗೂ ಟಂಕಿಸಿತು. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿಯ ಕೈಸೇರಿದಾಗ ಥಾಮಸ್ ಮನ್ರೋ ಇಲ್ಲಿನ ಕಂದಾಯವನ್ನು ಎಣಿಸಿದ್ದು ಪಗೋಡಗಳಲ್ಲೇ. ಈ ಸೀಮೆಯ ಹಳೆಯ ಕಂದಾಯ ಲೆಕ್ಕಕ್ಕೆ ‘ರಾಯರೇಖೆ’ ಎಂಬ ಹೆಸರಿತ್ತು. ಒಂದು ಸಾಮ್ರಾಜ್ಯದ ನಾಣ್ಯ, ಸನ್ನದು, ಕಂದಾಯದ ರೇಖೆ ಇಷ್ಟೂ ಬಳಕೆಯಲ್ಲಿರುವಾಗ ಅದನ್ನು ಮರೆತದ್ದು ಎನ್ನಲು ಆಧಾರ ಸಾಲದು.

ಇನ್ನು ಈ ನೆಲದ ಸಾಕ್ಷಿಗೆ ಬರೋಣ. ನೆನಪಿನ ಅತ್ಯಂತ ಗಟ್ಟಿಯಾದ ರೂಪ ಇಲ್ಲಿ ಹರಿಯುವ ನೀರು. ತುಂಗಭದ್ರೆಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಅಣೆಕಟ್ಟುಗಳಿಂದ ಹೊರಟ ಕಾಲುವೆಗಳು ಇಂದಿಗೂ ಗದ್ದೆ, ಬಾಳೆ, ಕಬ್ಬುಗಳಿಗೆ ನೀರು ಕೊಡುತ್ತಿವೆ. ತುರ್ತು ಕಾಲುವೆ ಹಂಪಿಯ ಅವಶೇಷಗಳ ನಡುವೆಯೇ ಹಾದು ಹೋಗುತ್ತದೆ. ಹೊಸಪೇಟೆಯ ಸುತ್ತ ರಾಯ ಕಾಲುವೆ, ಬಸವಣ್ಣ ಕಾಲುವೆ. ಕೆಳಗೆ ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ಹಳೆಯ ಕಾಲುವೆಗಳ ಬಾಯಿ ಕೆಲವು ಕಡೆ ನೀರಿನಡಿ ಹೋಯಿತು. ಆಗ ರಾಯ, ಬಸವಣ್ಣ ಕಾಲುವೆಗಳಿಗೆ ಹೊಸ ಜಲಾಶಯದಿಂದಲೇ ನೀರು ಬಿಡುವ ಏರ್ಪಾಡು ಮಾಡಲಾಯಿತು. ಸ್ವತಂತ್ರ ಭಾರತದ ದೊಡ್ಡ ಯೋಜನೆಯೊಂದು ನಾಲ್ಕು ಶತಮಾನಗಳಷ್ಟು ಹಳೆಯ ಕಾಲುವೆಯ ಹಕ್ಕನ್ನು ಒಪ್ಪಿಕೊಂಡಿತು ಎಂಬುದನ್ನು ಗಮನಿಸಬೇಕು. ಇಂಥ ಕಾಲುವೆ ತಾನೇ ತಾನಾಗಿ ಉಳಿಯುವುದಿಲ್ಲ. ಹೂಳು ತೆಗೆಯಬೇಕು, ಏರಿ ಕಾಯಬೇಕು, ಯಾವ ತೂಬಿಗೆ ಯಾವ ಹೊತ್ತು, ಯಾರ ಗದ್ದೆ ಮೊದಲು ಎಂಬುದು ಗೊತ್ತಿರಬೇಕು. ನೀರಗಂಟಿಗಳೂ ರೈತರೂ ತಲೆಮಾರಿನಿಂದ ತಲೆಮಾರಿಗೆ ಕಲಿಸುತ್ತ ಬಂದ ಆ ತಿಳಿವಳಿಕೆಯೇ ಸಾಮ್ರಾಜ್ಯದ ಜೀವಂತ ದಾಖಲೆ. ಹೊಸಪೇಟೆ ಊರೇ ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ಸಾವಿರಾರು ಜನ ಒಟ್ಟಿಗೆ ದುಡಿದು ಕಟ್ಟುತ್ತಿದ್ದ ಒಂದು ಭಾರಿ ಕೆರೆಯ ಕೆಲಸವನ್ನು ತಾನು ಕಂಡದ್ದಾಗಿ ಪಾಯೆಸ್ ಬರೆದಿದ್ದಾನೆ. ಹೊಸಪೇಟೆಯವರಿಗೆ ರಾಯರ ಕೆರೆ ಎಂಬ ಹೆಸರು ಪಾಯೆಸನನ್ನು ಓದಿ ಬಂದದ್ದಲ್ಲ.

ಎರಡನೆಯ ಸಾಕ್ಷಿ ಪೂಜೆ ಮತ್ತು ಹಬ್ಬ. 1565ರ ನಂತರ ಅರಮನೆ ಬರಿದಾಯಿತು, ಪೇಟೆ ಚದುರಿತು, ವಿಠ್ಠಲನ ಗುಡಿಯಲ್ಲಿ ಪೂಜೆ ನಿಂತಿತು. ವಿರೂಪಾಕ್ಷನ ಗುಡಿಯಲ್ಲಿ ನಿಲ್ಲಲಿಲ್ಲ. ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಅಲ್ಲಿ ರಂಗಮಂಟಪ ಕಟ್ಟಿಸಿದ್ದನ್ನು ಕೃಷ್ಣದೇವರಾಯ ಹೇಳುವ ಶಾಸನ ಆ ಗುಡಿಯ ಅಂಗಳದಲ್ಲೇ ನಿಂತಿದೆ. ಅದರ ಎದುರೇ ಫಲಪೂಜೆಯೂ, ಚೈತ್ರದ ತೇರೂ, ಪಂಪಾ ವಿರೂಪಾಕ್ಷರ ಕಲ್ಯಾಣವೂ ನಡೆಯುತ್ತ ಬಂದಿವೆ. ಪುರಂದರದಾಸರ ಆರಾಧನೆಗೆ ಹರಿದಾಸ ಪರಂಪರೆಯವರು ಪುಷ್ಯ ಅಮಾವಾಸ್ಯೆಗೆ ನದಿ ದಡದ ಪುರಂದರ ಮಂಟಪಕ್ಕೆ ಬರುತ್ತಾರೆ. ಆಚೆ ದಡದ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಯರ ವೃಂದಾವನಕ್ಕೆ ಪೂಜೆ ಸಲ್ಲುತ್ತದೆ. ವಿಜಯನಗರದ ಅರಸು ಮನೆತನದವರು ಎಂದು ಜನ ಗೌರವಿಸುವ ವಂಶವೊಂದು ಆನೆಗೊಂದಿಯಲ್ಲೇ ಉಳಿದು ಬಂದಿದೆ. ಹೆಸರೊಂದು ಎಷ್ಟು ನೆನಪು ಹೊರಬಲ್ಲದು ಎಂಬುದಕ್ಕೆ ಮಹಾನವಮಿ ದಿಬ್ಬ ಒಳ್ಳೆಯ ಉದಾಹರಣೆ. ಇಂಗ್ಲಿಷ್ ಬರಹಗಳು ಅದನ್ನು ಸಿಂಹಾಸನದ ಜಗತಿ ಎಂದವು. ಊರ ಬಾಯಲ್ಲಿದ್ದದ್ದು ಹಬ್ಬದ ಹೆಸರು. ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳು ಬೆಳಕಿಗೆ ಬಂದಾಗ ಅವುಗಳಲ್ಲಿ ಕಂಡದ್ದು ಒಂಬತ್ತು ದಿನ ಅರಸ ಕುಳಿತು ನೋಡುತ್ತಿದ್ದ ಆ ಹಬ್ಬವೇ. ಆ ಆಚರಣೆ ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರ ಕೈಯಲ್ಲಿ ಮುಂದುವರಿದು, ಮೈಸೂರು ದಸರೆಯಾಗಿ ನಾಡಿನ ಹಬ್ಬವೇ ಆಯಿತು. ಅರಮನೆಯ ಹಬ್ಬ ಇನ್ನೊಂದು ಅರಮನೆಗೆ ಹೋಯಿತು. ಹೆಸರು ದಿಬ್ಬದ ಮೇಲೆ ಉಳಿಯಿತು.

ಮೂರನೆಯ ಸಾಕ್ಷಿಗೆ ಕಂಪ್ಲಿಗೆ ಹೋಗಬೇಕು. ವಿಜಯನಗರ ಹುಟ್ಟುವ ಮೊದಲು, 1327ರ ಸುಮಾರಿಗೆ, ಮುಹಮ್ಮದ್ ಬಿನ್ ತುಘಲಕನ ಸೇನೆಯೆದುರು ಕಂಪಿಲರಾಯನ ರಾಜ್ಯ ಬಿದ್ದುಹೋಯಿತು. ಸಣ್ಣ ರಾಜ್ಯ, ಕೆಲವೇ ದಶಕಗಳ ಆಯುಷ್ಯ. ಅರಮನೆಯ ಕವಿಗಳಾಗಲಿ ವಿದೇಶಿ ಪ್ರವಾಸಿಗಳಾಗಲಿ ಅದನ್ನು ಹಾಡಿ ಹೊಗಳಿದವರಲ್ಲ. ಮರೆಯುವುದೇ ಆಗಿದ್ದರೆ ಮೊದಲು ಮರೆಯಬೇಕಿದ್ದದ್ದು ಅದನ್ನು. ಆದರೆ ಕಂಪಿಲನ ಮಗ ಕುಮಾರರಾಮ ಈ ಸೀಮೆಯ ಜನರಿಗೆ ದೇವರಾದ, ಹಾಡಾದ. 16ನೇ ಶತಮಾನದಲ್ಲಿ ನಂಜುಂಡಕವಿ ಅವನ ಕಥೆಯನ್ನು ಸಾಂಗತ್ಯದಲ್ಲಿ ಬರೆದ. ಬೇರೆ ಕವಿಗಳೂ ಬರೆದರು. ಜನಪದ ಗಾಯಕರು ಅದನ್ನು ಬಿಡಲೇ ಇಲ್ಲ. ಗಂಗಾವತಿಯ ಕಡೆಯ ಕುಮ್ಮಟದುರ್ಗ, ಹೇಮಗುಡ್ಡಗಳು ಆ ಕಥೆಯ ತಾಣಗಳಾಗಿಯೇ ಜನರಿಗೆ ಪರಿಚಿತ. 1929ರಲ್ಲಿ ಎನ್. ವೆಂಕಟರಮಣಯ್ಯನವರು ಕಂಪಿಲಿ ಮತ್ತು ವಿಜಯನಗರದ ಸಂಬಂಧವನ್ನು ಕುರಿತು ಪುಸ್ತಕ ಬರೆಯುವ ಹೊತ್ತಿಗೆ ಜನರ ಹಾಡು ಆ ನಂಟನ್ನು ಶತಮಾನಗಳಿಂದ ಕಾಪಾಡಿತ್ತು. ಸಂಡೂರಿನ ಮಾತು ಇನ್ನೂ ಸ್ವಾರಸ್ಯದ್ದು. ಅಲ್ಲಿನ ಬೆಟ್ಟದ ಪಾರ್ವತಿ ಮತ್ತು ಕುಮಾರಸ್ವಾಮಿ ಗುಡಿಗಳು ವಿಜಯನಗರಕ್ಕಿಂತ ಎಷ್ಟೋ ಹಿಂದಿನವು. ಚಾಲುಕ್ಯರು, ವಿಜಯನಗರದವರು, ಬಿಜಾಪುರದವರು, ಘೋರ್ಪಡೆ ಅರಸರು ಒಬ್ಬರ ಹಿಂದೆ ಒಬ್ಬರು ಬಂದು ಹೋದರೂ ಕುಮಾರಸ್ವಾಮಿಯ ಜಾತ್ರೆ ನಡೆಯುತ್ತಲೇ ಬಂತು. ಸಾಮ್ರಾಜ್ಯ ಬಿದ್ದರೆ ಜನರ ನೆನಪೂ ಬೀಳುತ್ತದೆ ಎಂಬ ಊಹೆ ಕಂಪ್ಲಿ, ಸಂಡೂರುಗಳ ಮುಂದೆ ನಿಲ್ಲುವುದಿಲ್ಲ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಬರುತ್ತದೆ. ಹಾಡು, ಹಬ್ಬ, ಐತಿಹ್ಯಗಳೆಲ್ಲ ಇತಿಹಾಸವಲ್ಲ. ಕುಮಾರರಾಮನ ಕಥೆಯಲ್ಲಿ ಕಾಲಗಳು ಕಲಸಿವೆ, ಪವಾಡಗಳು ಸೇರಿವೆ. ಖಚಿತವಾದ ಕಾಲಕ್ರಮ ಕಳೆದುಹೋದ ಮೇಲೆ ಮರೆತುಹೋದದ್ದು ಎನ್ನದೆ ಏನೆನ್ನಬೇಕು ಎಂದು ಕೇಳಬಹುದು. ಐತಿಹ್ಯವನ್ನು ಹಾಗೆಯೇ ಇತಿಹಾಸವಾಗಿ ಒಪ್ಪಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಒಂದು ನೆನಪು ಎಷ್ಟು ನಿಖರ ಎಂಬುದು ಒಂದು ಪ್ರಶ್ನೆ, ಅದು ಇದೆಯೇ ಇಲ್ಲವೇ ಎಂಬುದು ಬೇರೆಯದೇ ಪ್ರಶ್ನೆ. ನಿಖರವಲ್ಲದ ನೆನಪೂ ನೆನಪೇ, ಮರೆವಲ್ಲ. ಇದಕ್ಕೆ ಸಿವೆಲ್ಲರ ಪುಸ್ತಕದಲ್ಲೇ ಆಧಾರವಿದೆ. ಅವರು ಅಷ್ಟೊಂದು ಬೆಲೆ ಕೊಟ್ಟ ನೂನಿಜನ ವೃತ್ತಾಂತ 1535ರ ಸುಮಾರಿಗೆ ಬರೆದದ್ದು. ಎರಡು ಶತಮಾನಗಳ ಹಿಂದಿನ ಸಂಗತಿಗಳನ್ನು ಅವನು ತಿಳಿದದ್ದು ವಿಜಯನಗರದಲ್ಲಿ ಜನ ಹೇಳಿದ್ದನ್ನು ಕೇಳಿ. ಬೇಟೆಗೆ ಹೋದ ಅರಸನ ನಾಯಿಗಳನ್ನು ಮೊಲವೊಂದು ತಿರುಗಿ ಅಟ್ಟಿದ ಜಾಗದಲ್ಲಿ ನಗರ ಕಟ್ಟಿದರು ಎಂಬ ಕಥೆಯನ್ನು ಅವನು ದಾಖಲಿಸಿದ್ದಾನೆ. ನಮ್ಮ ಅಜ್ಜಿಯರು ಹೇಳುವ ಕಥೆಯೂ ಇದೇ. ಅದೇ ಕಥೆ ಪೋರ್ಚುಗೀಸ್ ಹಾಳೆಯ ಮೇಲಿದ್ದಾಗ ಆಕರ, ಹಂಪಿಯ ಕಟ್ಟೆಯ ಮೇಲಿದ್ದಾಗ ಮರೆವು ಎಂದು ಎರಡು ಅಳತೆ ಇಟ್ಟುಕೊಳ್ಳುವುದು ವಿದ್ವತ್ತಿಗೆ ಶೋಭಿಸದು. ಮೆಕೆಂಜಿಯವರು ಕೂಡಿಸಿದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಹೊರತಂದಾಗ ಈ ಎರಡು ಅಳತೆಗಳ ಅಂತರವನ್ನು ಕಡಿಮೆ ಮಾಡುವ ದೊಡ್ಡ ಕೆಲಸ ನಡೆಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಎಷ್ಟೋ ಸಂಗತಿಗಳು ನಿಜವಾಗಿಯೂ ಮರೆತುಹೋಗಿದ್ದವು ಎಂಬುದನ್ನು ಅಲ್ಲಗಳೆಯಲಾಗದು. ಕಮಲ ಮಹಲ್ ಎಂದು ಇಂದು ಕರೆಯುವ ಕಟ್ಟಡಕ್ಕೆ ಕಟ್ಟಿದವರು ಇಟ್ಟ ಹೆಸರೇನು, ಅಲ್ಲಿ ಏನು ನಡೆಯುತ್ತಿತ್ತು ಎಂಬುದು ಜನರ ಬಾಯಲ್ಲಿ ಉಳಿಯಲಿಲ್ಲ. ರಾಣಿಯರ ಸ್ನಾನಗೃಹ, ಜನಾನಾ ಆವರಣ ಎಂಬ ಹೆಸರುಗಳು ಊಹೆಯ ಹೆಸರುಗಳು. ಅರಮನೆಯ ಆವರಣದಲ್ಲಿ ಇಂದು ಎಲ್ಲರೂ ಬೆರಗಾಗಿ ನೋಡುವ ಮೆಟ್ಟಿಲು ಕೊಳ 1980ರ ದಶಕದ ಉತ್ಖನನದವರೆಗೆ ಮಣ್ಣಿನಡಿ ಇತ್ತು. ಅದು ಅಲ್ಲಿದೆ ಎಂದು ಯಾರ ನೆನಪೂ ಹೇಳಲಿಲ್ಲ. ಭಾರತೀಯ ಪುರಾತತ್ವ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ, ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರ ತಂಡ ವರ್ಷಗಟ್ಟಲೆ ದುಡಿಯದಿದ್ದರೆ ನಗರದ ವಿನ್ಯಾಸ ನಮಗೆ ತಿಳಿಯುತ್ತಿರಲಿಲ್ಲ. ಇದೆಲ್ಲ ನಿಜ. ಆದರೆ ಏನು ಮರೆತುಹೋಯಿತು, ಏನು ಉಳಿಯಿತು ಎಂದು ಪಟ್ಟಿ ಮಾಡಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಅರಮನೆಯವರಷ್ಟೇ ಬಳಸುತ್ತಿದ್ದುದು ಮರೆತುಹೋಯಿತು. ಜನ ಬಳಸುತ್ತಿದ್ದ ಕಾಲುವೆ, ಗುಡಿ, ಹಬ್ಬ, ಹಾಡು ಉಳಿದವು. ಮಣ್ಣಿನಡಿ ಹೋದ ಅರಮನೆಯ ಕೊಳವನ್ನು ಊರಿನವರು ನೆನಪಿಟ್ಟುಕೊಳ್ಳಲಿಲ್ಲ ಎಂಬುದು ಸಹಜ. ಅವರಿಗೆ ಅಲ್ಲಿಗೆ ಪ್ರವೇಶವೇ ಇರಲಿಲ್ಲ. ಹೀಗಾಗಿ ‘ಮರೆತ’ ಎಂಬ ವಿಶೇಷಣ ಅರಮನೆಗೆ ಬಹುಪಾಲು ಒಪ್ಪುತ್ತದೆ, ನಾಡಿಗೆ ಒಪ್ಪುವುದಿಲ್ಲ. ಸಾಮ್ರಾಜ್ಯವೆಂದರೆ ಅರಮನೆ ಮಾತ್ರ ಎಂದುಕೊಂಡರೆ ಮಾತ್ರ ಸಿವೆಲ್ಲರ ಶೀರ್ಷಿಕೆ ಪೂರ್ತಿ ಸರಿಯಾಗುತ್ತದೆ.

ಮೂರನೆಯ ಆಕ್ಷೇಪ ನಮ್ಮವರಿಂದಲೇ ಬರುವಂಥದ್ದು. ಕನ್ನಡಿಗರು ತಮ್ಮ ಚರಿತ್ರೆಯನ್ನು ಮರೆತಿದ್ದಾರೆ ಎಂದು ಮನನೊಂದು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದ ಆಲೂರು ವೆಂಕಟರಾಯರು ಸುಳ್ಳು ಹೇಳಿದರೆ? ಇಲ್ಲ. ಅವರ ಮಾತಿನಲ್ಲಿ ಮರೆತವರು ಯಾರು ಎಂಬುದು ಸ್ಪಷ್ಟವಾಗಿತ್ತು. ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರುಗಳಲ್ಲಿ ಹಂಚಿಹೋಗಿ, ಬೇರೆಯವರ ಇತಿಹಾಸವನ್ನೇ ಶಾಲೆಯಲ್ಲಿ ಓದಿ ಬೆಳೆದ ವಿದ್ಯಾವಂತ ಕನ್ನಡಿಗರನ್ನು ಅವರು ಎಚ್ಚರಿಸುತ್ತಿದ್ದರು. ಅದು ಎರಡನೆಯ ಅರ್ಥದ ಬಳಕೆ, ಕಡೆಗಣನೆಯ ವಿರುದ್ಧದ ದೂರು. ಆ ದೂರಿಗೆ ಆಧಾರವಿತ್ತು, ಅದರಿಂದ ಏಕೀಕರಣದ ಹೋರಾಟಕ್ಕೆ ಬಲವೂ ಬಂತು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವನ್ನು ಇದೇ ಹಂಪಿಯಲ್ಲಿ ಆಚರಿಸಿ ಸ್ಮರಣ ಸಂಪುಟ ಹೊರತಂದದ್ದು ಆ ಎಚ್ಚರದ ಫಲ. ಆದರೆ ಸಿವೆಲ್ಲರ ಶೀರ್ಷಿಕೆಗೆ ನೇರ ಉತ್ತರ ಅದಕ್ಕೂ ಮುಂಚೆಯೇ ಬಂದಿತ್ತು. ಪುಸ್ತಕ ಬಂದ ಐದೇ ವರ್ಷಗಳಲ್ಲಿ, 1905ರಲ್ಲಿ, ಬಿ. ಸೂರ್ಯನಾರಾಯಣ ರಾವ್ ಅವರು ಇಂಗ್ಲಿಷಿನಲ್ಲೇ ವಿಜಯನಗರದ ಇತಿಹಾಸ ಬರೆದು ಅದನ್ನು ‘ಎಂದಿಗೂ ಮರೆಯಲಾಗದ ಸಾಮ್ರಾಜ್ಯ’ ಎಂಬ ಅರ್ಥದ ಹೆಸರಿನಿಂದ ಮದ್ರಾಸಿನಲ್ಲಿ ಪ್ರಕಟಿಸಿದರು. ಅವರ ಇತಿಹಾಸದ ವಿವರಗಳಲ್ಲಿ ನಂತರದ ಸಂಶೋಧನೆ ತಿದ್ದಿದ್ದು ಬಹಳ. ಆದರೂ ಆ ಹೆಸರಿನ ಮೂಲಕ ಅವರು ಎತ್ತಿದ ತಕರಾರು ಸರಿಯಾಗಿತ್ತು. ಪುಸ್ತಕಗಳ ಪೈಪೋಟಿಯಲ್ಲಿ ಸಿವೆಲ್ ಗೆದ್ದರು. ಅವರ ಶೀರ್ಷಿಕೆಯೇ ರೂಢಿಗೆ ಬಂತು, ಸೂರ್ಯನಾರಾಯಣ ರಾಯರದು ಗ್ರಂಥಾಲಯದ ಮೂಲೆ ಸೇರಿತು.

ಒಂದು ಶೀರ್ಷಿಕೆಯ ಬಗ್ಗೆ ಇಷ್ಟು ಮಾತೇಕೆ, ಮಾತು ಏನಾದರೇನು, ಹಂಪಿ ಹಂಪಿಯಾಗಿಯೇ ಇರುತ್ತದಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಮರೆತ ಆಸ್ತಿಗೆ ವಾರಸುದಾರರಿಲ್ಲ. ಯಾರೂ ನೆನಪಿಟ್ಟುಕೊಳ್ಳದ ಜಾಗ ಎಂದು ಒಮ್ಮೆ ಒಪ್ಪಿದರೆ, ಅದನ್ನು ಕಂಡುಹಿಡಿದವರೂ ಕಾಯುವವರೂ ಮಾತ್ರ ಅದರ ಹಕ್ಕುದಾರರಾಗುತ್ತಾರೆ. ಅಲ್ಲೇ ಬದುಕುವವರು ಅಡ್ಡಬಂದವರಾಗುತ್ತಾರೆ. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಸ್ಮಾರಕಗಳ ಸಮೂಹವಾಗಿ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದ ಮನೆ ಅಂಗಡಿಗಳನ್ನು ತೆರವುಗೊಳಿಸಲಾಯಿತು. ಪ್ರಾಚೀನ ಮಂಟಪಗಳಿಗೆ ಧಕ್ಕೆಯಾಗುತ್ತಿತ್ತು, ಅವನ್ನು ರಕ್ಷಿಸುವುದು ಕಾನೂನಿನ ಹೊಣೆಯಾಗಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ಬಜಾರು ಕಟ್ಟಿದ್ದೇ ವ್ಯಾಪಾರಕ್ಕೆ. ತೇರಿನ ಬೀದಿಯಲ್ಲಿ ಕೊಡುವವರು ಕೊಳ್ಳುವವರು ಇರುವುದೂ ಆ ಪರಂಪರೆಯ ಭಾಗವೇ ಎಂಬ ಮಾತಿಗೆ ಅದೇ ತೂಕ ಸಿಗಲಿಲ್ಲ. ಕಲ್ಲಿಗೆ ಪರಂಪರೆಯ ಪಟ್ಟ, ಮನುಷ್ಯರಿಗೆ ಒತ್ತುವರಿಯ ಪಟ್ಟ ಎಂಬ ಈ ವಿಭಜನೆಯ ಹಿಂದೆ, ಇಲ್ಲಿ ಜನರ ನೆನಪು ಎಂದೋ ಕಡಿದುಹೋಗಿದೆ ಎಂಬ ನಂಬಿಕೆ ಇದೆ. ಅದೇ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಗೆ ತಡೆ ಹಾಕಿತು. ಅಷ್ಟರಲ್ಲಿ ಸಂಡೂರು, ಹೊಸಪೇಟೆಯ ಬೆಟ್ಟಗಳು, ವಿಜಯನಗರಕ್ಕೆ ದಕ್ಷಿಣದ ಕೋಟೆಯಂತಿದ್ದ ಆ ಸಾಲುಗಳು, ಸಾಕಷ್ಟು ಬಗೆದುಹೋಗಿದ್ದವು. ಬೆಟ್ಟವೆಂದರೆ ಅದಿರಿನ ಟನ್ನುಗಳ ಲೆಕ್ಕವಷ್ಟೇ ಎಂದು ಕಂಡವರಿಗೆ ಅಲ್ಲಿನ ಗುಡಿ, ಹಳ್ಳ, ಜಾತ್ರೆಯ ದಾರಿ ಕಾಣಲಿಲ್ಲ. ಇತಿಹಾಸದಲ್ಲಿ ನಡೆಯಿತು ಎಂದು ನಾವು ಹೇಳುವ ಮರೆವು ಹೆಚ್ಚಾಗಿ ನಡೆಯುತ್ತಿರುವುದು ನಮ್ಮ ಕಾಲದಲ್ಲಿ.

ಹಾಗಾದರೆ ಈ ಮಾತನ್ನು ಬಿಟ್ಟೇಬಿಡಬೇಕೆ? ಸಿವೆಲ್ಲರ ಪುಸ್ತಕದ ಹೆಸರಾಗಿ ಅದು ಇರಲಿ; ಆ ಪುಸ್ತಕವನ್ನು ನಾವು ಓದುತ್ತಲೇ ಇರಬೇಕು. ವಿಜಯನಗರದ ವಿಶೇಷಣವಾಗಿ ಬಳಸುವಾಗ ಮಾತ್ರ ಒಂದು ನಿಯಮ ಇಟ್ಟುಕೊಳ್ಳೋಣ: ‘ಮರೆತ’ ಎಂದಾಗ ಯಾರು ಮರೆತರು ಎಂಬುದನ್ನೂ ಸೇರಿಸಿ ಹೇಳೋಣ. ‘19ನೇ ಶತಮಾನದ ಯುರೋಪಿನ ಓದುಗರಿಗೆ ಅಷ್ಟಾಗಿ ಗೊತ್ತಿರದ ಸಾಮ್ರಾಜ್ಯ’ ಎಂದರೆ ಅದು ನಿಜ. ‘ಶಾಲೆಯ ಪಠ್ಯಗಳು ಕಡೆಗಣಿಸಿದ ಸಾಮ್ರಾಜ್ಯ’ ಎಂದರೆ ಅದೂ ಒಂದು ಕಾಲಕ್ಕೆ ನಿಜ. ‘ಮರೆತುಹೋದ ಸಾಮ್ರಾಜ್ಯ’ ಎಂದು ಕರ್ತೃವನ್ನು ಮರೆಮಾಡಿ ಹೇಳಿದರೆ ಅದು ಹೊಸಪೇಟೆಯ ನೀರಗಂಟಿಗೂ, ವಿರೂಪಾಕ್ಷನ ಅರ್ಚಕನಿಗೂ, ಕಂಪ್ಲಿಯ ಹಾಡುಗಾರನಿಗೂ ಮಾಡುವ ಅನ್ಯಾಯ. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ಹೊಸ ಜಿಲ್ಲೆ ಆದಾಗ ಅದಕ್ಕೆ ವಿಜಯನಗರ ಎಂದು ಹೆಸರಿಟ್ಟರು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಆಡಳಿತದ ಗಡಿ ಎಲ್ಲಿ ಬೇಕಾದರೂ ಇರಲಿ, ನೆನಪಿನ ಸೀಮೆ ಒಂದೇ. ಅದನ್ನು ದಾಖಲಿಸುವ ಕೆಲಸವೂ ಒಟ್ಟಿಗೇ ಆಗಬೇಕು. ಹಳೆಯ ಕಾಲುವೆಗಳ ತೂಬು ತೂಬಿಗೂ ಇರುವ ಹೆಸರುಗಳು, ನೀರು ಹಂಚುವ ಪದ್ಧತಿ, ಕುಮಾರರಾಮನ ಹಾಡಿನ ಪಾಠಾಂತರಗಳು, ಜಾತ್ರೆಗಳಲ್ಲಿ ಯಾವ ಊರಿನ ಯಾವ ಮನೆತನಕ್ಕೆ ಯಾವ ಸೇವೆ ಎಂಬ ವಿವರ, ಇವೆಲ್ಲ ಶಾಸನಗಳಷ್ಟೇ ಮಾನ್ಯವಾದ ಆಕರಗಳೆಂದು ವಿಶ್ವವಿದ್ಯಾಲಯಗಳೂ ಪ್ರಾಧಿಕಾರಗಳೂ ಒಪ್ಪಿಕೊಳ್ಳಬೇಕು. ಈ ಎಲ್ಲ ಊರುಗಳ ಶಾಲೆ ಕಾಲೇಜುಗಳ ಮಕ್ಕಳು ತಮ್ಮ ಮನೆಯ ಹಿರಿಯರಿಂದಲೇ ಅವನ್ನು ಬರೆದುಕೊಳ್ಳಬಹುದು. ಕಾಲುವೆಯ ಕೆಲಸ ಯಂತ್ರಗಳ ಪಾಲಾಗುತ್ತಿರುವಾಗ, ಹಾಡುವವರ ಸಂಖ್ಯೆ ಇಳಿಯುತ್ತಿರುವಾಗ ಇದಕ್ಕೆ ಹೆಚ್ಚು ಕಾಲವಿಲ್ಲ. ನಾವು ಈಗ ಬರೆದುಕೊಳ್ಳದೆ ಬಿಟ್ಟರೆ, ಸಿವೆಲ್ 1900ರಲ್ಲಿ ಅವಸರದಿಂದ ಆಡಿದ ಮಾತನ್ನು ನಿಜ ಮಾಡಿದವರು ನಾವೇ ಆಗುತ್ತೇವೆ. ಆ ಅಪವಾದ ನಮ್ಮ ತಲೆಮಾರಿಗೆ ಬರಬಾರದು ಎಂಬುದೇ ಈ ಉಪನ್ಯಾಸದ ಕೋರಿಕೆ.